ಚಪ್ಪಲಿಗಳ ಪಾಳಿ

ರೌಂಡು ಹಾಕಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ.

ಯುಗಾದಿ ಆಗಿ ಹತ್ತು ದಿನವಾಗಿತ್ತು. ಕರೋನಾ ಅಂತ ಎಲ್ಲ ಬಂದ್. ದೊಡವಾಡದ ಬಸ್ಸಿಲ್ಲ, ಬೈಲಹೊಂಗಲದ ಟಂಟಂ ಇಲ್ಲ, ಸಂತೆ ಇಲ್ಲ, ಕೂಲಿ ಇಲ್ಲ. ಯಾರಿಗೆ ಫೋನು ಹಚ್ಚಿದರೂ ಮೊದಲು ಸರಕಾರದ ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಮಾತು. ನಾನು ಪಂಚಾಯ್ತಿಯ ಗಟಾರು ಬಳಿಯುವವನು, ಹೆಸರು ಸತ್ಯಪ್ಪ. ಪಿಡಿಒ ಸಾಹೇಬರು ಊರಿಗೆ ಬರಲಿಲ್ಲ, ಫೋನಿನಲ್ಲೇ ಹೇಳಿದರು. ರೇಷನ್ ಅಂಗಡಿ ಮುಂದೆ ಸುಣ್ಣದಲ್ಲಿ ರೌಂಡು ಹಾಕಬೇಕು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಆರು ಫೂಟು ಇರಬೇಕು. ಒಬ್ಬೊಬ್ಬರು ಒಂದೊಂದು ರೌಂಡಿನಲ್ಲಿ ನಿಲ್ಲಬೇಕು. ಹಾಕಿ ಮುಗಿದ ಮೇಲೆ ಫೋಟೋ ಕಳಿಸಬೇಕು.

ಆರು ಫೂಟು ಅಂದರೆ ನನ್ನ ಕೈಯಲ್ಲಿ ನಾಲ್ಕು ಮೊಳ. ಸೈಕಲ್ಲಿನ ಹಳೆಯ ಗಾಲಿ ಇಟ್ಟು ಅದರ ಸುತ್ತ ಸುಣ್ಣ ಉದುರಿಸಿದೆ. ಬಸವಣ್ಣನ ಗುಡಿಯ ಮಗ್ಗುಲಿನ ಸಿಮೆಂಟ್ ರಸ್ತೆಯಲ್ಲಿ ನಲವತ್ತೆರಡು ರೌಂಡು. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಅಂಗಡಿಯ ವಿರೂಪಾಕ್ಷ ಶಟರಿನ ಒಳಗೇ ನಿಂತು ನೋಡಿ, "ಚಂದ ಹಾಕೀದಿ ಬಿಡೋ" ಅಂದ. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಎರಡು ತಿಂಗಳ ಅಕ್ಕಿ ಒಮ್ಮೆಲೇ ಕೊಡುತ್ತಾರೆ ಎಂದು ಸುದ್ದಿಯಾಗಿತ್ತು. ನಮ್ಮ ಮನೆಯಲ್ಲಿ ಜೋಳ ಮುಗಿದಿತ್ತು. ನುಚ್ಚು ಒಂದೆರಡು ದಿನಕ್ಕೆ ಬರುತ್ತಿತ್ತು. ಹೆಂಡತಿ ಇಂದ್ರವ್ವ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡಿಯಲು ಹೋದವಳು ಅರ್ಧಕ್ಕೇ ಬಂದಿದ್ದಳು. ರೇಷನ್ ಬೇಕೆಂದರೆ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಹೆಬ್ಬೆಟ್ಟು ಬೇಡವೆಂದು ಸರಕಾರ ಹೇಳಿದೆ ಅಂತ ಕೆಲವರು ಅನ್ನುತ್ತಿದ್ದರು, ಆದರೆ ವಿರೂಪಾಕ್ಷ ಕೇಳಲಿಲ್ಲ. ನನ್ನ ಹೆಬ್ಬೆಟ್ಟು ಮಷೀನಿಗೆ ಹತ್ತುವುದಿಲ್ಲ. ಸುಣ್ಣ, ಬ್ಲೀಚಿಂಗ್ ಪೌಡರು, ಗಟಾರು ಎಲ್ಲ ಸೇರಿ ಅದರ ಗೆರೆ ತಿಂದಿವೆ. ಇಂದ್ರವ್ವನದು ಕುಡುಗೋಲು ಹಿಡಿದು ಸವೆದಿದೆ. ಹತ್ತುವುದು ನನ್ನ ಅವ್ವ ಕೆಂಪವ್ವನದೊಂದೇ. ಅರವತ್ತೈದು ವರ್ಷ ದುಡಿದ ಕೈಯಲ್ಲಿ ಅದೊಂದು ಬೆರಳು ಹೇಗೆ ಉಳಿಯಿತೋ ಗೊತ್ತಿಲ್ಲ. ಹಾಗಾಗಿ ಅವ್ವನೇ ಪಾಳಿ ಹಚ್ಚಬೇಕಿತ್ತು.

ಮೊದಲ ದಿನ ಎಂಟಕ್ಕೆ ಶಟರು ಏರಿತು. ಎಲ್ಲರೂ ರೌಂಡಿನಲ್ಲಿ ನಿಂತಿದ್ದರು. ಮೂಗಿಗೆ ಟವೆಲು, ಕರವಸ್ತ್ರ, ಸೀರೆಯ ಸೆರಗು. ನಾನು ಫೋಟೋ ಹೊಡೆದೆ. ಸಾಹೇಬರು ಹೆಬ್ಬೆರಳಿನ ಚಿತ್ರ ಕಳಿಸಿದರು. ಆ ಶಿಸ್ತು ಇದ್ದದ್ದು ಫೋಟೋ ಹೊಡೆಯುವ ತನಕ.

ಮಷೀನಿಗೆ ಸರ್ವರ್ ಸಿಗುತ್ತಿರಲಿಲ್ಲ. ಒಬ್ಬರಿಗೆ ಕಾಲು ತಾಸಿಗೂ ಹೆಚ್ಚು ಹಿಡಿಯುತ್ತಿತ್ತು. ಬಿಸಿಲು ಏರಿತು. ರಾಮಲಿಂಗಪ್ಪ ಸಾವಕಾರರು ಎಂಟನೆಯ ರೌಂಡಿನಲ್ಲಿದ್ದರು. ಹಿಂದೆ ಪಂಚಾಯ್ತಿ ಮೆಂಬರ್ ಆಗಿದ್ದವರು, ಎರಡು ಟ್ರ್ಯಾಕ್ಟರ್ ಇಟ್ಟವರು. ಅವರಿಗೂ ಬಡವರ ಕಾರ್ಡು ಇದೆ. ಅವರು ಕಾಲಿನ ಚಪ್ಪಲಿ ಕಳಚಿ ರೌಂಡಿನಲ್ಲಿ ಬಿಟ್ಟರು. ಎದುರಿನ ಬೇವಿನ ಕಟ್ಟೆಗೆ ಹೋಗಿ ಕುಳಿತರು. "ನನ್ನ ಪಾಳಿ ಐತಲ್ಲಿ, ಚಪ್ಪಲಿ ಐತಿ" ಅಂದರು.

ಅವರ ಹಿಂದಿನವರೂ ಬಿಟ್ಟರು. ಮುಂದಿನವರೂ ಬಿಟ್ಟರು. ಸ್ವಲ್ಪ ಹೊತ್ತಿಗೆ ರಸ್ತೆಯ ಮೇಲೆ ಮೂವತ್ತು ಜೋಡಿ ಚಪ್ಪಲಿ ಆರು ಫೂಟು ಅಂತರದಲ್ಲಿ ನಿಂತಿದ್ದವು. ಅವುಗಳ ಒಡೆಯರು ಕಟ್ಟೆಯ ಮೇಲೆ ತೊಡೆಗೆ ತೊಡೆ ಹಚ್ಚಿ ಕುಳಿತಿದ್ದರು. ಒಂದೇ ಡಬ್ಬಿಯ ಸುಣ್ಣ, ಒಂದೇ ಚೀಟಿನ ತಂಬಾಕು. ಮೂಗಿನ ಟವೆಲು ಕೊರಳಿಗೆ ಇಳಿದಿತ್ತು. ಚಪ್ಪಲಿಗಳಿಗೆ ರೋಗ ಬರಲಿಲ್ಲ, ಅಂತರವನ್ನು ಅಷ್ಟು ಚಂದ ಪಾಲಿಸಿದವು.

ಒಬ್ಬರ ಪಾಳಿ ಮುಗಿದರೆ ಹಿಂದಿನ ಎಲ್ಲ ಚಪ್ಪಲಿಯೂ ಒಂದೊಂದು ರೌಂಡು ಮುಂದೆ ಹೋಗಬೇಕು. ಅದನ್ನು ಮಾಡುವವರು ಯಾರು? ರಾಮಲಿಂಗಪ್ಪ ಕಟ್ಟೆಯಿಂದಲೇ ಕೂಗಿದರು.

"ಏ ಸತ್ಯಾ, ಸುಮ್ನ ನಿಂತೀಯಲ್ಲ, ಅವನ್ನ ಮುಂದ ಸರಸ."

ನಾನು ಕಾಲಿನಿಂದ ಸರಿಸಲು ಹೋದೆ.

"ಕಾಲ್ಲೆ ಬ್ಯಾಡೋ. ಕೈಲೆ ಎತ್ತಿ ಇಡ. ಹಿರೇರ ಚಪ್ಪಲಿ ಅವು."

ಎತ್ತಿ ಇಟ್ಟೆ. ಮೂವತ್ತು ಸಲ ಬಗ್ಗಿದೆ, ಮೂವತ್ತು ಸಲ ಎದ್ದೆ. ಕಾಲು ತಾಸಿಗೊಮ್ಮೆ. ನನ್ನ ಕೈ ಅವರ ಚಪ್ಪಲಿಗೆ ಆಗುತ್ತದೆ. ಅವರ ನೀರಿಗೆ ಆಗುವುದಿಲ್ಲ.

ನಮ್ಮ ಕೇರಿಯ ಹೆಂಗಸರು ಹನ್ನೊಂದು ಮಂದಿ ಕೊನೆಗಿದ್ದರು. ಅವರಿಗೂ ಬಿಸಿಲು ತಾಗುತ್ತಿತ್ತು. ಆದರೆ ಬಿಡಲು ಅವರ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ನಮ್ಮ ಕೇರಿಯವರು ಆ ಓಣಿಯಲ್ಲಿ ಚಪ್ಪಲಿ ಮೆಟ್ಟುವುದಿಲ್ಲ. ಕೇರಿಯ ಬಾಯಿಗೆ ಒಂದು ಕರಿಗಲ್ಲು ಇದೆ, ಅದರ ಮಗ್ಗುಲಿಗೆ ಬಿಟ್ಟು ಬರುತ್ತೇವೆ. ಬಿಡಿ ಅಂತ ಈಗ ಯಾರೂ ಹೇಳುವುದಿಲ್ಲ. ಹೇಳುವ ಕೆಲಸ ನಮ್ಮ ಮುತ್ತ್ಯಾನ ಕಾಲದಲ್ಲೇ ಮುಗಿದಿದೆ. ಹುಡುಗರು ಬೂಟು ಹಾಕಿಕೊಂಡು ಗಾಡಿಯ ಮೇಲೆ ಹೋದರೆ ನೋಡಿ ಸುಮ್ಮನಾಗುತ್ತಾರೆ, ಅಲ್ಲೇ ಇಳಿದು ನಡೆದರೆ ಅಪ್ಪನನ್ನು ಕರೆಸುತ್ತಾರೆ. ಹೆಂಗಸರ ಕಾಲಂತೂ ಕಲ್ಲಿನ ಹತ್ತಿರ ತಾವೇ ಚಪ್ಪಲಿ ಕಳಚಿಕೊಳ್ಳುತ್ತವೆ.

ಹಾಗಾಗಿ ಚಪ್ಪಲಿ ಇದ್ದವರು ನೆರಳಿನಲ್ಲಿ ಕುಳಿತರು. ಬರಿಗಾಲಿನವರು ಸಿಮೆಂಟಿನ ಮೇಲೆ ನಿಂತರು. ಒಬ್ಬಳು ಕಲ್ಲು ಇಟ್ಟಳು. ಕಲ್ಲು ಯಾರದೆಂದು ಗುರುತು ಹೇಗೆ ಹಿಡಿಯಲಿ ಅಂತ ವಿರೂಪಾಕ್ಷ ಒಪ್ಪಲಿಲ್ಲ. ಚೀಲ ಇಟ್ಟರು. ಚೀಲದಲ್ಲಿ ರೋಗ ಇರುತ್ತದೆ ಅಂದ. ಮೂವತ್ತೊಂದನೆಯ ರೌಂಡಿನಲ್ಲಿ ಅವ್ವ ನಿಂತಿದ್ದಳು. ಒಂದು ಕಾಲೆತ್ತಿ ಇನ್ನೊಂದರ ಮೇಲೆ ಇಡುತ್ತಿದ್ದಳು. ಆಮೇಲೆ ಅದನ್ನು ಇಳಿಸಿ ಇದನ್ನು ಎತ್ತುತ್ತಿದ್ದಳು. ಒಂದು ಗಂಟೆಗೆ ಶಟರು ಬಿತ್ತು. ಅವಳ ಮುಂದೆ ಇನ್ನೂ ಹದಿನಾರು ಜೋಡಿ ಇದ್ದವು.

"ನಾಳೆ ಬರ್ರಿ" ಅಂದ ವಿರೂಪಾಕ್ಷ.

ನಾಳೆ ಅಂದರೆ ಮೊದಲಿನಿಂದ. ಸಂಜೆಯೇ ಊರಿನವರು ಚಪ್ಪಲಿ ತಂದು ರೌಂಡಿನಲ್ಲಿ ಬಿಟ್ಟು ಹೋಗಿದ್ದರು. ಹಳೆಯವು, ಹರಿದವು, ಮನೆಗೆ ಎರಡೆರಡು ಜೋಡಿ. ಮೊದಲ ದಿನ ಅಕ್ಕಿ ಒಯ್ದ ರಾಮಲಿಂಗಪ್ಪನವರಂಥವರ ಮನೆಯಲ್ಲೂ ಇನ್ನೆರಡು ಕಾರ್ಡು ಇದ್ದವು. ಬೆಳಗಿನ ಆರಕ್ಕೆ ಬಂದ ಕೇರಿಯ ಹೆಂಗಸರಿಗೆ ಸಿಕ್ಕದ್ದು ಮತ್ತೆ ಕೊನೆಯ ಹನ್ನೊಂದೇ.

ಎರಡನೆಯ ದಿನ ಮಾಯವ್ವ ಒಂದು ಕೆಲಸ ಮಾಡಿದಳು. ಮಾಯವ್ವ ನಮ್ಮ ಪಕ್ಕದ ಮನೆಯವಳು, ಗಂಡ ಸತ್ತವಳು, ಬಾಯಿ ಜೋರು. ಚಪ್ಪಲಿಯನ್ನು ಕಾಲಿಗೆ ಮೆಟ್ಟಲಿಲ್ಲ, ಸೆರಗಿನಲ್ಲಿ ಸುತ್ತಿ ತಂದಳು. ಮೆಲ್ಲಗೆ ತನ್ನ ರೌಂಡಿನಲ್ಲಿ ಇಟ್ಟಳು. ಗುಡಿಯ ಗೋಡೆಯ ಮಗ್ಗುಲಿಗೆ ನಾಲ್ಕು ಬೆರಳು ನೆರಳಿತ್ತು, ಅಲ್ಲಿ ಹೋಗಿ ನಿಂತಳು. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ, ಒಂದಕ್ಕೆ ಪಿನ್ನು ಚುಚ್ಚಿದ್ದಳು.

ವಿರೂಪಾಕ್ಷ ನೋಡಿದ. "ಇವ ಯಾರವು?"

"ನನ್ನವರಿ" ಅಂದಳು ಮಾಯವ್ವ.

ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ರಾಮಲಿಂಗಪ್ಪ ಎದ್ದು ಬರಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಸತ್ಯಾ, ನಮ್ಮ ಚಪ್ಪಲ್ಯಾಗ ಅವನ್ನ ಕೂಡಸಬ್ಯಾಡ. ತಗದ ಒಗಿ."

ನಾನು ಅವನ್ನು ಎತ್ತಿದೆ. ಗಟಾರಿಗೆ ಒಗೆದೆ. ಆ ಗಟಾರನ್ನು ಹಿಂದಿನ ದಿನ ನಾನೇ ಬಳಿದಿದ್ದೆ. ಮಾಯವ್ವ ನನ್ನ ಮುಖವನ್ನೇ ನೋಡಿದಳು, ಬಯ್ಯಲಿಲ್ಲ. ತಿರುಗಿ ಹೋಗಿ ತನ್ನ ರೌಂಡಿನಲ್ಲಿ ನಿಂತಳು. ಅಷ್ಟು ಬಯ್ಯುವ ಹೆಂಗಸು ಬಯ್ಯದೇ ಹೋದದ್ದು ನನಗೆ ಕೆಟ್ಟದ್ದು ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಮುಂದಿನ ಜೋಡಿ ಎತ್ತಿದೆ.

ಆ ದಿನವೂ ಅವ್ವನ ಪಾಳಿ ಬರಲಿಲ್ಲ. ಮನೆಗೆ ಬಂದು ಕುಳಿತಾಗ ಇಂದ್ರವ್ವ ಅವಳ ಕಾಲು ಹಿಡಿದು ನೋಡಿದಳು. ಎರಡೂ ಅಂಗಾಲಿನಲ್ಲಿ ಬೊಕ್ಕೆ ಎದ್ದಿದ್ದವು. ಒಂದು ಒಡೆದು ಚರ್ಮ ಸುಲಿದಿತ್ತು. ಇಂದ್ರವ್ವ ಕೊಬ್ಬರಿ ಎಣ್ಣೆ ಹಚ್ಚಿದಳು. ಡಬ್ಬಿಯಲ್ಲಿ ಎಣ್ಣೆಯೂ ತಳ ಕಂಡಿತ್ತು.

"ದಿನಾ ನೀನ ರೌಂಡ ಹಾಕತಿ" ಅಂದಳು ನನಗೆ. "ನಿಮ್ಮವ್ವಗ ಒಂದ ರೌಂಡ ನೆಳ್ಳಾಗ ಹಾಕಾಕ ನಿನ್ನ ಕೈಯಾಗ ಆಗಲಿಲ್ಲಲ್ಲ."

"ಸಾಹೇಬ್ರ ಹೇಳಿದಲ್ಲೆ ಹಾಕಬೇಕಲಾ."

"ಮಾಯವ್ವನ ಚಪ್ಪಲಿ ಒಗಿ ಅಂತ ಯಾವ ಸಾಹೇಬ ಹೇಳಿದ್ದ?"

ನುಚ್ಚಿನ ಗಂಜಿ ಕುಡಿದು ಮಲಗಿದೆ. ನಿದ್ದೆ ಚೆನ್ನಾಗಿ ಬಂತು. ಅದನ್ನು ಹೇಳಲು ನಾಚಿಕೆಯಾಗುತ್ತದೆ.

ಮೂರನೆಯ ದಿನ ಅವ್ವ ನಸುಕಿನಲ್ಲೇ ಹೋಗಿ ಚಪ್ಪಲಿಗಳ ನಡುವೆ ಖಾಲಿ ಉಳಿದ ಒಂದು ರೌಂಡು ಹಿಡಿದಿದ್ದಳು, ಕೇರಿಯ ಉಳಿದವರು ಕೊನೆಗೇ ಇದ್ದರು. ಮಷೀನು ಚುರುಕಾಗಿತ್ತು. ಹನ್ನೆರಡಾಗುವ ಹೊತ್ತಿಗೆ ಅವ್ವ ನಾಲ್ಕನೆಯ ರೌಂಡಿಗೆ ಬಂದಳು. ಮುಂದೆ ಮೂರು ಜೋಡಿ ಚಪ್ಪಲಿ, ಅಷ್ಟೇ. ಓಣಿಯ ತುದಿಯಲ್ಲಿ ಇಂದ್ರವ್ವ ಚೀಲ ಮಡಚಿ ಹಿಡಿದುಕೊಂಡು ಕಾಯುತ್ತಿದ್ದಳು. ನಾನು ಸಾಲಿನ ಹಿಂದಿನಿಂದ ಚಪ್ಪಲಿ ಸರಿಸುತ್ತ ಬರುತ್ತಿದ್ದೆ. ಎರಡೂ ಕೈಯಲ್ಲಿ ಯಾರದೋ ಜೋಡಿ ಇತ್ತು.

ಅವ್ವ ಬಿದ್ದಳು. ಸದ್ದೂ ಆಗಲಿಲ್ಲ. ಮೊದಲು ಮೊಣಕಾಲು ಊರಿದಳು, ಆಮೇಲೆ ಮಗ್ಗುಲಾದಳು.

"ಮುಟ್ಟಬ್ಯಾಡ್ರಿ" ಅಂತ ಕಟ್ಟೆಯಿಂದ ಯಾರೋ ಅಂದರು. "ಕರೋನಾ ಇರಬೇಕ ಅಕಿಗೆ."

ಒಬ್ಬರೂ ಮುಟ್ಟಲಿಲ್ಲ. ಕೊರಳಿನ ಟವೆಲುಗಳು ಮೂಗಿಗೆ ಏರಿದವು. ಕಟ್ಟೆಯ ಮೇಲಿದ್ದವರು ಅವತ್ತು ಮೊದಲ ಸಲ ಒಬ್ಬರಿಂದೊಬ್ಬರು ದೂರ ಸರಿದರು. ನಾನು ಅಲ್ಲೇ ನಿಂತಿದ್ದೆ. ಬಿದ್ದವಳು ನನ್ನ ಅವ್ವ. ನನ್ನ ಕೈಯಲ್ಲಿ ಚಪ್ಪಲಿ ಇದ್ದವು. ಇವನ್ನು ಎಲ್ಲಿ ಇಡಬೇಕು ಅಂತ ನೋಡುತ್ತಿದ್ದೆ. ರೌಂಡಿನ ಹೊರಗೆ ಇಟ್ಟರೆ ಬೈಯುತ್ತಾರೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ನಿಂತೆನೋ ಗೊತ್ತಿಲ್ಲ. ಇಂದ್ರವ್ವ ಓಣಿಯ ತುದಿಯಿಂದ ಓಡಿ ಬಂದು ಅವಳನ್ನು ಎತ್ತಿ ಕೂರಿಸುವಷ್ಟು ಹೊತ್ತು.

ಇಂದ್ರವ್ವ ಮತ್ತು ಮಾಯವ್ವ ಕಂಕುಳಿಗೆ ಕೈ ಕೊಟ್ಟು ಅವ್ವನನ್ನು ಕರೆದುಕೊಂಡು ಹೋದರು. ನಾನೂ ಹೊರಟೆ.

"ನೀ ಎಲ್ಲಿಗೋ" ಅಂದ ವಿರೂಪಾಕ್ಷ. "ಆ ರೌಂಡಿಗೆ ಪೌಡರ್ ಹಾಕು ಮೊದಲ. ಮಂದಿ ನಿಲ್ಲಬೇಕಲ್ಲಿ."

ಅವ್ವ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಸಿಮೆಂಟಿನ ಮೇಲೆ ಅವಳ ಬೆವರು ಕೈ ಊರಿದಷ್ಟು ಅಗಲ ಮೂಡಿತ್ತು. ಅದರ ಮೇಲೂ ಉದುರಿಸಿದೆ. ಆಮೇಲೆ ಐದನೆಯ ರೌಂಡಿನ ಚಪ್ಪಲಿಯನ್ನು ತಂದು ಅಲ್ಲಿ ಇಟ್ಟೆ.

ಆಶಾ ಕೆಲಸದ ಅಕ್ಕ ಮನೆಗೆ ಬಂದು ಅವ್ವನ ಹಣೆಗೆ ಜ್ವರದ ಮಷೀನು ಹಿಡಿದು ನೋಡಿದಳು. ಜ್ವರ ಇಲ್ಲ, ಕೆಮ್ಮಿಲ್ಲ, ಹಸಿವು ಮತ್ತು ಬಿಸಿಲು ಅಂದಳು. ಸಂಜೆ ನಾನು ಮನೆಗೆ ಹೋದಾಗ ಅವ್ವ ಗೋಡೆಗೆ ಆತು ಕುಳಿತಿದ್ದಳು. ಬಯ್ಯುತ್ತಾಳೆ ಅಂತ ಕಾದೆ.

"ನನ್ನ ಪಾಳಿ ಎಲ್ಲೀತನಾ ಬಂದಿತ್ತೋ ಸತ್ಯಾ?" ಅಂತ ಕೇಳಿದಳು.

"ಮುಂದ ಮೂರ ಮಂದಿ ಇದ್ರಬೇ."

"ಮಂದಿ ಇದ್ರೋ, ಚಪ್ಪಲಿ ಇದ್ದವೋ?"

ಇಂದ್ರವ್ವ ಒಲೆಯ ಮುಂದೆ ಕುಳಿತಿದ್ದಳು. ಒಲೆ ಹಚ್ಚಿರಲಿಲ್ಲ. ಹಚ್ಚಿ ಬೇಯಿಸಲು ಏನೂ ಇರಲಿಲ್ಲ. ಎಲ್ಲರೂ ನೀರು ಕುಡಿದು ಮಲಗಿದೆವು.

ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ರೌಂಡು ತಿದ್ದಿದೆ. ಮೂವತ್ತೊಂದು ಜೋಡಿ ಚಪ್ಪಲಿ ರಾತ್ರಿಯೇ ಬಂದು ಕುಳಿತಿದ್ದವು. ಅವುಗಳ ಹಿಂದೆ ಕೇರಿಯ ಹತ್ತು ಹೆಂಗಸರು ನಿಂತರು. ಮಷೀನು ಹತ್ತಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಕಟ್ಟೆ ತುಂಬಿತು. ಹತ್ತಕ್ಕೆ ವಿರೂಪಾಕ್ಷ ತಲೆ ಹೊರಗೆ ಹಾಕಿ, ಮಷೀನು ಹತ್ತಿತು, ಆದರೆ ಇವತ್ತು ಇದ್ದ ಮಾಲು ಎಲ್ಲರಿಗೂ ಸಾಲುವುದಿಲ್ಲ, ಮುಂದಿನವರಿಗಷ್ಟೇ ಅಂದ.

ನಾನು ಮನೆಗೆ ಹೋದೆ. ಅವ್ವನನ್ನು ಏಳು ಅಂದೆ. ಎದ್ದಳು, ಕಾಲು ಊರಲು ಆಗಲಿಲ್ಲ. ಅವಳ ಮುಂದೆ ಬೆನ್ನು ಕೊಟ್ಟು ಕುಳಿತೆ. ಬೆನ್ನಿಗೆ ಬಂದಳು. ಒಣಗಿದ ಹೊರೆಯಷ್ಟೇ ತೂಕ. ಇಂದ್ರವ್ವ ಕಾರ್ಡು ಮತ್ತು ಚೀಲ ಹಿಡಿದುಕೊಂಡಳು. ಹೊಸ್ತಿಲ ಹೊರಗೆ ನನ್ನ ಚಪ್ಪಲಿ ಇದ್ದವು. ಮೆಟ್ಟಿದೆ. ಕರಿಗಲ್ಲು ಬಂತು. ನಿಲ್ಲಲಿಲ್ಲ. ಬೆನ್ನ ಮೇಲೆ ಅವ್ವನನ್ನು ಇಟ್ಟುಕೊಂಡು ಸುಡುವ ಸಿಮೆಂಟಿನಲ್ಲಿ ಎಡವಿ ಬೀಳಬಾರದು. ಅಷ್ಟೇ ಇದ್ದದ್ದು ತಲೆಯಲ್ಲಿ. ದೊಡ್ಡ ಧೈರ್ಯ ಮಾಡಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಓಣಿಯಲ್ಲಿ ನನ್ನ ಚಪ್ಪಲಿಯ ಸದ್ದು ಚಟಪಟ ಕೇಳುತ್ತಿತ್ತು. ಕಟ್ಟೆಯ ಮೇಲೆ ಒಬ್ಬೊಬ್ಬರೇ ತಿರುಗಿದರು.

"ಕಾಲಾಗ ಏನೋ ಅದು?" ಅಂದರು ರಾಮಲಿಂಗಪ್ಪ.

"ಚಪ್ಪಲ್ರಿ."

"ಅದು ಕಾಣಾಕತ್ತೈತಿ. ಸೊಕ್ಕ ಬಂತೇನು? ಬಿಡ ಅಲ್ಲೆ. ಅಕೀನ್ನ ಇಳಸಿ ಪಾಳಿ ಸರಸ ಬಾ. ಮೊದಲಿನಂವ ಅಕ್ಕಿ ಒಯ್ದ ಎಷ್ಟೊತ್ತಾತು."

ಮೊದಲ ರೌಂಡು ಖಾಲಿ ಇತ್ತು. ಎರಡನೆಯದರಲ್ಲಿ ಚಪ್ಪಲಿ ಕಾಯುತ್ತಿದ್ದವು. ಎತ್ತಿ ಇಡುವವನು ಇರಲಿಲ್ಲವಾದ್ದರಿಂದ ಪಾಳಿಯೇ ನಿಂತಿತ್ತು. ಇಷ್ಟು ದಿನ ಅದನ್ನು ನಡೆಸಿದ್ದು ನನ್ನ ಸೊಂಟ ಅಂತ ಆಗ ನನಗೆ ತಿಳಿಯಿತು.

"ನನ್ನ ಕೈ ಖಾಲಿ ಇಲ್ರಿ" ಅಂದೆ.

"ಏನಂದಿ?"

"ಅವ್ವನ ಹಿಡದೇನ್ರಿ. ಕೈ ಖಾಲಿ ಇಲ್ಲ. ನಿಮ್ಮ ಚಪ್ಪಲಿ ನೀವ ಸರಸ್ಕೋರಿ."

ಹೇಳಿ ನಡೆದೆ. ಚಪ್ಪಲಿಗಳ ಸಾಲಿನ ಉದ್ದಕ್ಕೂ ನಡೆದು ಮೊದಲ ರೌಂಡಿನಲ್ಲಿ ಹೋಗಿ ನಿಂತೆ. ಇಂದ್ರವ್ವ ಮಗ್ಗುಲಿಗೆ ಬಂದು ಕಾರ್ಡು ಮುಂದೆ ಹಿಡಿದಳು. ವಿರೂಪಾಕ್ಷ ತೆಗೆದುಕೊಳ್ಳಲಿಲ್ಲ.

"ಪಾಳಿ ಬಿಟ್ಟ ಮುಂದ ಬಂದರ ಹೆಂಗ? ಹಿಂದ ಹೋಗ್ರಿ."

ನನ್ನ ಭುಜದ ಮೇಲಿಂದ ಅವ್ವ ಮಾತಾಡಿದಳು. ದನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು.

"ನನ್ನ ಮುಂದ ಯಾರದಾರಪಾ? ತೋರಸ."

ವಿರೂಪಾಕ್ಷ ರಸ್ತೆ ನೋಡಿದ. ಅಲ್ಲಿ ತೋರಿಸಲು ಮನುಷ್ಯರು ಇರಲಿಲ್ಲ.

ಅಷ್ಟರಲ್ಲಿ ಹಿಂದೆ ಮಾಯವ್ವ ತನ್ನ ರೌಂಡು ಬಿಟ್ಟಳು. ನೆಟ್ಟಗೆ ಎರಡನೆಯ ರೌಂಡಿಗೆ ಬಂದಳು. ಅಲ್ಲಿದ್ದ ಜೋಡಿಯನ್ನು ಬರಿಗಾಲಿನಿಂದ ಹೊರಗೆ ತಳ್ಳಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಮೂರನೆಯದು, ನಾಲ್ಕನೆಯದು. ಹತ್ತೂ ಹೆಂಗಸರು ಬಂದರು. ಆರು ಫೂಟು ಅಂತರ ಸರಿಯಾಗಿ ಉಳಿಸಿಕೊಂಡರು.

ಕಟ್ಟೆಯ ಮೇಲಿದ್ದವರಿಗೆ ಆಗ ಅರ್ಥವಾಯಿತು. ಮಾಲು ಎಲ್ಲರಿಗೂ ಸಾಲುವುದಿಲ್ಲ. ಮೂವತ್ತು ಮಂದಿ ಒಟ್ಟಿಗೇ ಕಟ್ಟೆ ಇಳಿದು ಓಡಿದರು. ಚಪ್ಪಲಿ ರಸ್ತೆಯಲ್ಲಿದ್ದವು, ಅವರ ಕಾಲು ಬರಿದಾಗಿದ್ದವು. ಸಿಮೆಂಟು ಯಾರ ಕಾಲನ್ನೂ ಬೇರೆ ಮಾಡುವುದಿಲ್ಲ. ಪಂಚೆ ಎತ್ತಿಕೊಂಡು ಒಂದೊಂದೇ ಕಾಲಿನ ಮೇಲೆ ಹಾರಿದರು. ಇದು ನನ್ನ ರೌಂಡು, ಅದು ನಿನ್ನದು ಅಂತ ತಮ್ಮತಮ್ಮಲ್ಲೇ ಜಗಳ ಹತ್ತಿತು. ರಾಮಲಿಂಗಪ್ಪನವರ ಜೋಡಿಯಲ್ಲಿ ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಕಾಣಲಿಲ್ಲ. ಹದಿಮೂರನೆಯ ರೌಂಡಿಗಾಗಿ ಅವರು ಖಾಸಾ ತಮ್ಮನ ಜೊತೆಗೇ ಕೈ ಕೈ ಮಿಲಾಯಿಸಿದ್ದರು.

ವಿರೂಪಾಕ್ಷ ರಾಮಲಿಂಗಪ್ಪನವರ ಕಡೆ ನೋಡಿದ, ಕೊಡಲೋ ಬಿಡಲೋ ಅಂತ. ಅವರಿಗೆ ಇವನ ಕಡೆ ನೋಡಲು ಪುರುಸೊತ್ತು ಇರಲಿಲ್ಲ. ಸ್ವಲ್ಪ ಹೊತ್ತು ಕಾದು ಮಷೀನು ಮುಂದೆ ತಳ್ಳಿದ.

ಅವ್ವನ ಕೈ ನನ್ನ ಕಿವಿಯ ಮಗ್ಗುಲಿನಿಂದ ಮುಂದೆ ಬಂತು. ಒಂದು ಸಲ ಹತ್ತಲಿಲ್ಲ. ಎರಡನೆಯ ಸಲಕ್ಕೂ ಹತ್ತಲಿಲ್ಲ. ಇಂದ್ರವ್ವ ಸೆರಗಿನಿಂದ ಆ ಬೆರಳನ್ನು ಒರೆಸಿದಳು. ಮೂರನೆಯ ಸಲಕ್ಕೆ ಮಷೀನು ಒದರಿತು. ವಿರೂಪಾಕ್ಷ ಅಕ್ಕಿ ಅಳೆದ. ಇಂದ್ರವ್ವ ಚೀಲವನ್ನು ತಲೆಗೆ ಏರಿಸಿಕೊಂಡಳು.

"ಒಲಿ ಹಚ್ಚತೇನಿ. ಅತ್ತಿನ್ನ ಲಗೂನ ಕರಕೊಂಡ ಬಾ" ಅಂದು ಹೋದಳು.

ರಾಮಲಿಂಗಪ್ಪ ಹದಿಮೂರನೆಯ ರೌಂಡು ಗೆದ್ದಿದ್ದರು. ಒಂದೇ ಚಪ್ಪಲಿ ಮೆಟ್ಟಿ ನಿಂತಿದ್ದರು. "ನಾಳಿಂದ ಪಂಚಾಯ್ತಿ ಕಡೆ ಬರಬ್ಯಾಡ ನೀ" ಅಂದರು. ಪಂಚಾಯ್ತಿಯಲ್ಲಿ ಈಗಲೂ ಅವರದೇ ಮಾತು, ಸಂಬಳ ಹೋಯಿತು ಅಂತ ತಿಳಿಯಿತು. ಹೆದರಿಕೆ ಬರಲಿ ಅಂತ ಕಾದೆ. ಬರಲಿಲ್ಲ. ಸೊಂಟ ನೋಯುತ್ತಿತ್ತು, ತೋಳು ಸೋತಿದ್ದವು. ಕೇರಿಯ ತನಕ ಒಂದೇ ಉಸಿರಿಗೆ ಹೊತ್ತುಕೊಂಡು ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಸುತ್ತ ನೋಡಿದೆ. ಬೇವಿನ ಕಟ್ಟೆ ಖಾಲಿ ಇತ್ತು. ತುಂಬ ನೆರಳಿತ್ತು.

ನಮ್ಮವರು ಯಾರೂ ಆ ಕಟ್ಟೆಯ ಮೇಲೆ ಕುಳಿತವರಲ್ಲ. ಅವ್ವನನ್ನು ಅಲ್ಲಿ ಇಳಿಸಿದೆ. ಬೇವಿನ ಬೊಡ್ಡೆಗೆ ಬೆನ್ನು ಆನಿಸಿ ಕೂರಿಸಿದೆ.

"ಏ ಸತ್ಯಾ" ಅಂದರು ರಾಮಲಿಂಗಪ್ಪ ರೌಂಡಿನಿಂದ. "ಕಟ್ಟಿ ಮ್ಯಾಲ ಯಾಕ ಕುಂದ್ರಸಿದ್ಯೋ ಅಕೀನ್ನ? ಇಳಸ. ನಾ ಬಂದ್ರ ಚಲೋ ಆಗೂದಿಲ್ಲ ನೋಡ."

ಬರಲಿ ಅಂತ ಕಾದೆ. ಅವರು ಒಂದು ಕಾಲು ಎತ್ತಿದರು. ಆರು ಫೂಟು ಹಿಂದೆ ಅವರ ತಮ್ಮ ಆ ರೌಂಡನ್ನೇ ನೋಡುತ್ತ ನಿಂತಿದ್ದ. ಅವರು ತಿರುಗಿ ತಮ್ಮನನ್ನು ನೋಡಿದರು, ಕಟ್ಟೆಯನ್ನು ನೋಡಿದರು, ಅಂಗಡಿಯಲ್ಲಿ ಕಡಿಮೆಯಾಗುತ್ತಿದ್ದ ಚೀಲಗಳನ್ನು ನೋಡಿದರು. ಎತ್ತಿದ ಬರಿಗಾಲನ್ನು ಅಲ್ಲೇ ಸುಡುವ ಸಿಮೆಂಟಿನ ಮೇಲೆ ಇಟ್ಟರು.

ಅವ್ವ ಎರಡೂ ಕಾಲು ಚಾಚಿದಳು. ಬೊಕ್ಕೆ ಒಡೆದ ಅಂಗಾಲು ಆ ಸಾಲಿನ ಕಡೆಗೇ ಇದ್ದವು, ಮೂವತ್ತು ಮಂದಿ ಹಿರಿಯರ ಮುಖಕ್ಕೆ ನೇರವಾಗಿ. ಹುಟ್ಟಿದಾಗಿನಿಂದ ಅವರ ಮುಂದೆ ಕಾಲು ಚಾಚಿದವಳಲ್ಲ. ಮಡಚಿಕೋ ಅಂತ ನಾನು ಹೇಳಲಿಲ್ಲ.